ಗೇಣು ಅಂತರದ ಅನುಮಾನದಲ್ಲಿ ಬಾವುಟದ ಮಾತೇ ನಿಲ್ಲಲಿ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಪದಾಧಿಕಾರಿಗಳಿಗೆ ಮತ್ತು ರೆಫರಿಗಳ ವಿಭಾಗದ ಹಿರಿಯರಿಗೆ,

ನಮಸ್ಕಾರ.

2025ರ ಏಪ್ರಿಲ್ 12, ಶನಿವಾರ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್ ದಿನ. ನಮ್ಮ ಮನೆಯಲ್ಲಿ ಸಂಜೆ 5ಕ್ಕೇ ಟಿವಿ ಹಾಕಿಕೊಂಡು ಕೂತಿದ್ದೆವು. ಮೊದಲು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟ, ಮ್ಯಾಂಚೆಸ್ಟರ್ ಸಿಟಿಗೂ ಕ್ರಿಸ್ಟಲ್ ಪ್ಯಾಲೇಸ್‌ಗೂ. ಆಫ್‌ಸೈಡ್, ಅಂದರೆ ಎದುರಾಳಿಗಳ ಸಾಲು ದಾಟಿ ಮುಂದೆ ನಿಂತ ತಪ್ಪು, ಹಿಡಿಯುವ ಅರೆ ಸ್ವಯಂಚಾಲಿತ ವ್ಯವಸ್ಥೆ ಆ ಲೀಗ್‌ನಲ್ಲಿ ಶುರುವಾಗಿದ್ದು ಅವತ್ತೇ. ಏಳೂವರೆಗೆ ಚಾನೆಲ್ ಬದಲಿಸಿದೆವು. ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನ. ಮೋಹನ್ ಬಾಗಾನ್‌ಗೂ ನಮ್ಮ ಬೆಂಗಳೂರು ಎಫ್‌ಸಿಗೂ ಫೈನಲ್. ಅಲ್ಲಿ ಅನುಮಾನ ಬಂದರೆ ತಿರುಗಿ ನೋಡುವುದಕ್ಕೆ ರೆಫರಿಗೆ ಒಂದು ಮಾನಿಟರ್ ಕೂಡ ಇರಲಿಲ್ಲ. 2014ರಲ್ಲಿ ಶುರುವಾದ ಲೀಗ್, ದೇಶದ ಅತಿ ದೊಡ್ಡ ಲೀಗ್, ಅವತ್ತಿನವರೆಗೂ ವಿಡಿಯೊ ನೆರವಿಲ್ಲದೆಯೇ ನಡೆದುಬಂದಿತ್ತು.

ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋತೆವು. ಆ ಸೋಲಿನ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ವಿಡಿಯೊ ತನ್ನಿ ಅಂತ ಹೇಳಲು ಬರೆಯುತ್ತಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ತರುವಾಗ ಹೇಗೆ ತರಬೇಕು ಅನ್ನುವುದನ್ನು ಹೇಳಬೇಕಾಗಿದೆ. ತಡವಾಗಿ ತರುವವರಿಗೆ ಒಂದು ಅನುಕೂಲ ಇದೆ. ಬೇರೆಯವರು ಎಲ್ಲಿ ಎಡವಿದರು ಅಂತ ನೋಡಿಕೊಂಡು ಹೆಜ್ಜೆ ಇಡಬಹುದು.

ನಾನು ದೊಡ್ಡ ರೆಫರಿ ಅಲ್ಲ. ಬೆಂಗಳೂರಿನ ಕೆಳ ಡಿವಿಷನ್ ಆಟಗಳಲ್ಲಿ ನಾಲ್ಕು ವರ್ಷ ಬಾವುಟ ಹಿಡಿದವನು. ವಾರವಿಡೀ ಬೇರೆ ಕೆಲಸ, ಭಾನುವಾರ ಮೈದಾನ. ಪುಸ್ತಕದ ಮಾತಿನಲ್ಲಿ ಈಗ ‘ಸಹಾಯಕ ರೆಫರಿ’ ಅನ್ನುತ್ತಾರೆ. ಮೈದಾನದಲ್ಲಿ ಎಲ್ಲರ ಬಾಯಲ್ಲೂ ಇವತ್ತಿಗೂ ಲೈನ್ಸ್‌ಮನ್ನೇ.

ಆ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಜೊತೆಯವನು ಚೆಂಡು ಒದ್ದ ಆ ಕ್ಷಣದಲ್ಲಿ ಮುಂದಿನ ಆಟಗಾರ ಎಲ್ಲಿದ್ದ ಅನ್ನುವುದೇ ಆಫ್‌ಸೈಡ್ ಪ್ರಶ್ನೆ. ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗೆ ಸಮನಾಗಿದ್ದರೆ ಸರಿ, 1990ರಿಂದ ಹಾಗಿದೆ. ಅವನನ್ನೂ ಚೆಂಡನ್ನೂ ದಾಟಿ ಮುಂದಿದ್ದರೆ ತಪ್ಪು. ಹೇಳೋಕೆ ಇಷ್ಟೇ. ಆದರೆ ಒದೆಯುವವನು ನನ್ನ ಬಲಕ್ಕೆ ಮೂವತ್ತು ಮೀಟರ್ ಆಚೆ ಇರುತ್ತಾನೆ. ಓಡುವವನು ಎದುರಿಗಿರುತ್ತಾನೆ. ಎರಡನ್ನೂ ಒಟ್ಟಿಗೆ ನೋಡಲು ಎರಡು ಕಣ್ಣು ಸಾಲದು. ಅದಕ್ಕೇ ಅನುಭವಸ್ಥರು ಒಂದು ಉಪಾಯ ಕಲಿಸಿಕೊಡುತ್ತಾರೆ. ಕಣ್ಣನ್ನು ಡಿಫೆಂಡರ್‌ಗಳ ಸಾಲಿನ ಮೇಲೆ ಇಡು, ಒದೆತವನ್ನು ಕಿವಿಯಿಂದ ಕೇಳು. ‘ಧಪ್’ ಅಂದ ಗಳಿಗೆಯಲ್ಲಿ ಸಾಲು ಹೇಗಿತ್ತೋ ಅದೇ ತೀರ್ಪು. ಜನ ಕಮ್ಮಿ ಇದ್ದ ನಮ್ಮ ಮೈದಾನದಲ್ಲಿ ಆ ಸದ್ದು ಕೇಳುತ್ತಿತ್ತು. ಸಾವಿರಾರು ಜನ ಕೂಗುವ ಕಂಠೀರವದಲ್ಲಿ ಬಾವುಟ ಹಿಡಿದವರಿಗೆ ಅದೂ ಕೇಳುವುದಿಲ್ಲ.

ಒಂದು ಭಾನುವಾರ ಸೆಮಿಫೈನಲ್. ಕೆಂಪು ಮಣ್ಣಿನ ಮೈದಾನ, ಅರ್ಧ ಅಳಿಸಿಹೋದ ಸುಣ್ಣದ ಗೆರೆ. ಕೊನೆಯ ಐದು ನಿಮಿಷ. 11ನೇ ನಂಬರಿನ ಹುಡುಗ ಚೆಂಡು ಹಿಡಿದು ಗೋಲು ಹೊಡೆದ. ನಾನು ಬಾವುಟ ಎತ್ತಿದ್ದೆ. ಹುಡುಗ ಜಗಳಕ್ಕೆ ಬರಲಿಲ್ಲ. ನನ್ನ ಹತ್ತಿರ ಬಂದು, “ಅಣ್ಣಾ, ನಿಜವಾಗ್ಲೂ ನೋಡಿದ್ರಾ?” ಅಂದ. ನೋಡಿದ್ದೆ ಅಂದೆ. ಅವನ ತಂಡ ಸೋತಿತು. ಆಟ ಮುಗಿದ ಮೇಲೆ ಯಾರೋ ಮೊಬೈಲ್‌ನಲ್ಲಿ ತೆಗೆದ ವಿಡಿಯೊ ತೋರಿಸಿದರು. ಅದರಲ್ಲಿ ಹುಡುಗ ಡಿಫೆಂಡರ್‌ಗೆ ಸಮನಾಗಿ ಕಾಣುತ್ತಿದ್ದ. ಹತ್ತಾರು ಜನ ನನ್ನ ಸುತ್ತ ನಿಂತು ಬೈದರು. ಸಂಘಟಕರೊಬ್ಬರು, ಮುಂದಿನ ವಾರದಿಂದ ಬರಬೇಡ ಅಂದರು.

ಆ ವಿಡಿಯೊವನ್ನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ. ತೆಗೆದವರು ನಿಂತಿದ್ದದ್ದು ನನಗಿಂತ ಹತ್ತು ಹೆಜ್ಜೆ ಹಿಂದೆ, ಸಾಲಿಗೆ ಓರೆಯಾಗಿ. ತಕ್ಕಡಿಯ ಮುಳ್ಳನ್ನು ನೇರ ನಿಂತು ನೋಡಿದರೆ ಒಂದು ತೂಕ, ಪಕ್ಕದಿಂದ ನೋಡಿದರೆ ಇನ್ನೊಂದು ತೂಕ ಕಾಣುತ್ತದಲ್ಲ, ಹಾಗೆ. ಅವತ್ತು ನನ್ನ ಕಣ್ಣು ತಪ್ಪಿತ್ತೋ ಆ ವಿಡಿಯೊ ತಪ್ಪಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸುತ್ತ ನಿಂತಿದ್ದವರಿಗೆ ಮಾತ್ರ ಚೂರೂ ಅನುಮಾನ ಇರಲಿಲ್ಲ. ವಿಡಿಯೊದಲ್ಲಿ ಕಂಡಿತಲ್ಲ, ಮುಗೀತು.

ನನ್ನ ಹೆದರಿಕೆ ಇದೇ. ದೊಡ್ಡ ಲೀಗ್‌ಗಳಲ್ಲೂ ಇದೇ ತಪ್ಪು ದೊಡ್ಡ ಮಟ್ಟದಲ್ಲಿ ಆಗಿದೆ.

ಲೆಕ್ಕ ಮಾಡಿ ನೋಡಿ. ಟಿವಿ ಪ್ರಸಾರದ ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆ ಅಂತ ಇಟ್ಟುಕೊಳ್ಳಿ. ವೇಗವಾಗಿ ಓಡುವ ಆಟಗಾರ ಸೆಕೆಂಡಿಗೆ 8 ಮೀಟರ್ ಹೋಗುತ್ತಾನೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅವನು 16 ಸೆಂಟಿಮೀಟರ್ ಸರಿದಿರುತ್ತಾನೆ. ಅದೇ ಹೊತ್ತಿಗೆ ಡಿಫೆಂಡರ್ ಅವನನ್ನು ಆಫ್‌ಸೈಡ್‌ಗೆ ಕೆಡವಲು ಎದುರು ದಿಕ್ಕಿಗೆ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಮೇಲೆ ಬರುತ್ತಿದ್ದರೆ, ಅವನದೂ 8 ಸೆಂಟಿಮೀಟರ್. ಒಟ್ಟು 24. ಅಂದರೆ ಒಂದು ಗೇಣು! ಕಾಲು ಚೆಂಡಿಗೆ ತಾಗಿದ್ದು ಆ ಎರಡು ಚಿತ್ರಗಳ ನಡುವೆ ಎಲ್ಲೋ ಆಗಿರಬಹುದು. ಯಾವ ಚಿತ್ರ ನಿಲ್ಲಿಸಿ ಗೆರೆ ಎಳೆಯಬೇಕು ಅಂತ ವಿಡಿಯೊ ನೋಡುವ ಕೋಣೆಯಲ್ಲಿ ಕೂತ ಮನುಷ್ಯ ಆರಿಸುತ್ತಾನೆ. ಚಿತ್ರ ಆರಿಸುವುದರಲ್ಲೇ ಒಂದು ಗೇಣು ಆಚೀಚೆ ಆಗುತ್ತದೆ. ಆಮೇಲೆ ಕೂದಲೆಳೆ ಗೆರೆ ಎಳೆದು, ಕಾಲಿನ ಹೆಬ್ಬೆರಳು ಮುಂದಿತ್ತು ಅಂತ ಗೋಲು ಕಿತ್ತುಕೊಂಡರೆ ಅದನ್ನು ನ್ಯಾಯ ಅನ್ನೋದು ಹೇಗೆ?

2024ರ ಏಪ್ರಿಲ್ 21ರಂದು ವೆಂಬ್ಲಿಯಲ್ಲಿ ನಡೆದ ಎಫ್‌ಎ ಕಪ್ ಸೆಮಿಫೈನಲ್ ನೋಡಿದವರಿಗೆ ನಾನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಎರಡನೇ ದರ್ಜೆಯ ಕ್ಲಬ್ ಕೊವೆಂಟ್ರಿ ಸಿಟಿ, ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್. 70 ನಿಮಿಷಕ್ಕೆ 3–0 ಹಿಂದೆ ಇದ್ದ ತಂಡ ಮೂರೂ ಗೋಲು ತೀರಿಸಿತು. ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ವಿಕ್ಟರ್ ಟಾರ್ಪ್ ನಾಲ್ಕನೆಯದನ್ನೂ ಹೊಡೆದರು. ಮೈದಾನದಲ್ಲಿ ಗೋಲು ಕೊಟ್ಟಾಗಿತ್ತು. ಕೊವೆಂಟ್ರಿಯ ಜನ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಆಮೇಲೆ ಕೋಣೆಯಿಂದ ಮಾತು ಬಂತು. ಪಾಸ್ ಕೊಡುವ ಮುಂಚೆ ಹಾಜಿ ರೈಟ್ ಕಾಲ್ಬೆರಳಷ್ಟು ಮುಂದಿದ್ದರು, ಗೋಲು ಇಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಯುನೈಟೆಡ್ ಗೆದ್ದಿತು. ಅವತ್ತು ಎಳೆದದ್ದು ಕೈಯಲ್ಲಿ ಎಳೆದ ಗೆರೆ. ಲೈನ್ಸ್‌ಮನ್ ದೊಡ್ಡ ತಪ್ಪು ಮಾಡಿದ್ದರೆ ತಿದ್ದಲಿ, ಅದಕ್ಕೇ ಅಲ್ವಾ ವಿಡಿಯೊ ಬಂದಿದ್ದು? ಆದರೆ ಇದು ತಪ್ಪು ಹೌದೋ ಅಲ್ಲವೋ ಅಂತ ಹೇಳುವ ಶಕ್ತಿಯೇ ಆ ಚಿತ್ರಕ್ಕೆ ಇರಲಿಲ್ಲ ಅಂತ ನನ್ನ ನಂಬಿಕೆ.

ಇದಕ್ಕೆ ದಾರಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮಲ್ಲಿ ಕ್ರಿಕೆಟ್ ನೋಡುವ ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು ‘ಅಂಪೈರ್ಸ್ ಕಾಲ್’. ಎಲ್‌ಬಿಡಬ್ಲ್ಯು ಕೇಳಿದಾಗ ಚೆಂಡಿನ ಅರ್ಧಕ್ಕಿಂತ ಕಮ್ಮಿ ಭಾಗ ವಿಕೆಟ್‌ಗೆ ತಾಗುತ್ತದೆ ಅಂತ ಯಂತ್ರ ತೋರಿಸಿದರೆ, ಅಂಪೈರ್ ಮೊದಲು ಏನು ಹೇಳಿದ್ದರೋ ಅದೇ ನಿಲ್ಲುತ್ತದೆ. ಕಾಲಿಗೆ ತಾಗಿದ ಮೇಲಿನ ಚೆಂಡಿನ ದಾರಿ ಯಂತ್ರದ ಅಂದಾಜು ಮಾತ್ರ. ಅಂದಾಜು ಗಟ್ಟಿ ಇಲ್ಲದ ಕಡೆ ಯಂತ್ರ ಹಿಂದೆ ಸರಿದು ಮನುಷ್ಯನಿಗೆ ಜಾಗ ಬಿಡುತ್ತದೆ. 2021ರಲ್ಲಿ ಇದನ್ನು ತೆಗೆದುಹಾಕಿ ಅಂತ ಬಹಳ ಜನ ಕೇಳಿದರು. ಆಗ ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿದ್ದವರು ನಮ್ಮ ಅನಿಲ್ ಕುಂಬ್ಳೆ. ಸಮಿತಿ ಚರ್ಚೆ ಮಾಡಿ, ಕೆಲವು ಬದಲಾವಣೆ ತಂದು, ಅಂಪೈರ್ಸ್ ಕಾಲ್ ಉಳಿಸಿಕೊಂಡಿತು. ಜೀವನವಿಡೀ ಎಲ್‌ಬಿಡಬ್ಲ್ಯುಗಾಗಿ ಕೂಗಿದ ಬೌಲರ್ ಒಬ್ಬರು ಇದನ್ನು ಉಳಿಸಿದರು ಅನ್ನುವುದು ನನಗೆ ತುಂಬಾ ದೊಡ್ಡ ವಿಷಯವಾಗಿ ಕಾಣುತ್ತದೆ.

ಫುಟ್‌ಬಾಲ್‌ಗೂ ಇದು ಬೇಕು. ಆಫ್‌ಸೈಡ್ ಅಂತರ ಇಷ್ಟಕ್ಕಿಂತ ಕಮ್ಮಿ ಇದ್ದರೆ ಲೈನ್ಸ್‌ಮನ್ ತೀರ್ಪೇ ಅಂತಿಮ. ಬಾವುಟ ಎತ್ತಿದ್ದರೆ ಆಫ್‌ಸೈಡ್, ಎತ್ತದಿದ್ದರೆ ಗೋಲು.

ನಿಯಮ ಬದಲಿಸುವ ಅಧಿಕಾರ ನಮಗಿಲ್ಲ, ಅದು ಐಎಫ್‌ಎಬಿ ಕೈಯಲ್ಲಿದೆ ಅಂತ ನೀವು ಹೇಳಬಹುದು. ನಿಜ. ಅಲ್ಲಿ ಇರುವುದು ಎಂಟು ಮತ. ಬ್ರಿಟನ್ನಿನ ನಾಲ್ಕು ಸಂಸ್ಥೆಗಳಿಗೆ ಒಂದೊಂದು, ಫಿಫಾಗೆ ನಾಲ್ಕು, ಏನೇ ಬದಲಾಗಬೇಕಾದರೂ ಆರು ಮತ ಬೇಕು. ಆದರೆ ಗೆರೆಯನ್ನು ಹೇಗೆ ಓದಬೇಕು ಅನ್ನುವುದರಲ್ಲಿ ಲೀಗ್‌ಗಳು ತಮ್ಮ ದಾರಿ ಕಂಡುಕೊಂಡಿವೆ. ಪ್ರೀಮಿಯರ್ ಲೀಗ್ 5 ಸೆಂಟಿಮೀಟರ್ ರಿಯಾಯಿತಿ ಇಟ್ಟುಕೊಂಡಿದೆ, ಅದೂ ಹೊಸ ಯಂತ್ರ ಬಂದ ಮೇಲೂ. ನೆದರ್ಲೆಂಡ್ಸ್ ಲೀಗ್‌ನವರು ಎರಡು ದಪ್ಪ ಗೆರೆ ಒಂದಕ್ಕೊಂದು ತಾಗಿದರೆ ಮೈದಾನದ ತೀರ್ಪೇ ನಿಲ್ಲಲಿ ಅಂತ ಮಾಡಿಕೊಂಡರು. ನಾವು ಕೇಳುತ್ತಿರುವುದು ಹೊಸದೇನಲ್ಲ.

ಇನ್ನೊಂದು ವಾದ ನನ್ನ ಗೆಳೆಯರೇ ಮಾಡುತ್ತಾರೆ. 5 ಸೆಂಟಿಮೀಟರ್ ಬಿಟ್ಟರೆ ಜಗಳ 6ನೇ ಸೆಂಟಿಮೀಟರ್‌ಗೆ ಹೋಗುತ್ತದೆ, ಅಷ್ಟೇ ಅಂತ. ಗಡಿ ಎಲ್ಲಿಟ್ಟರೂ ಗಡಿಯೇ, ಒಪ್ಪಿದೆ. ಆದರೆ ಈಗಿನ ಗಡಿಯಲ್ಲಿ ತನಗೆ ಗೊತ್ತಿಲ್ಲದ್ದನ್ನು ಗೊತ್ತು ಅಂತ ಯಂತ್ರ ಹೇಳುತ್ತಿದೆ. ನಾನು ಕೇಳುವ ಗಡಿಯಲ್ಲಿ ಅದು ‘ನನಗೆ ಗೊತ್ತಾಗಲಿಲ್ಲ, ಹತ್ತಿರದಿಂದ ನೋಡಿದವನ ಮಾತು ಇರಲಿ’ ಅನ್ನುತ್ತದೆ. ಸೋತ ತಂಡಕ್ಕೆ ನೋವು ಆಗಲೂ ಆಗುತ್ತದೆ. ಆದರೆ ಮೋಸ ಹೋದೆವು ಅನ್ನಿಸುವುದಿಲ್ಲ.

ಕತಾರ್‌ನ 2022ರ ವಿಶ್ವಕಪ್‌ನಲ್ಲಿ ಇಟ್ಟ ವ್ಯವಸ್ಥೆ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಚಾವಣಿ ಕೆಳಗೆ 12 ಕ್ಯಾಮೆರಾ, ಪ್ರತಿ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಅಳೆಯುವುದು, ಚೆಂಡಿನ ಒಳಗೆ ಸೆಕೆಂಡಿಗೆ 500 ಸಲ ಸುದ್ದಿ ಕಳಿಸುವ ಸೆನ್ಸರ್. ಮೊದಲ ಪಂದ್ಯದ ಮೂರನೇ ನಿಮಿಷಕ್ಕೇ ಈಕ್ವೆಡಾರ್‌ನ ಎನ್ನರ್ ವಲೆನ್ಸಿಯಾ ಹೊಡೆದ ಗೋಲನ್ನು ಅದು ಹಿಡಿಯಿತು. ಅಂಥದ್ದು ನಮಗೆ ಸದ್ಯಕ್ಕೆ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಕಂಠೀರವದ ಸುತ್ತ ಕ್ಯಾಮೆರಾ ತೂಗುಹಾಕಲು ಚಾವಣಿಯಾದರೂ ಎಲ್ಲಿದೆ? ಹಾಗಾದರೆ ನಮಗೆ ಸಿಗುವುದು ಕಮ್ಮಿ ಕ್ಯಾಮೆರಾ, ಓರೆ ಕೋನ, ಕೈಯಲ್ಲಿ ಎಳೆದ ಗೆರೆ. ಅದಕ್ಕೇ ಬಾವುಟಕ್ಕೆ ಬಿಡುವ ಜಾಗ ನಮ್ಮಲ್ಲಿ ಇಂಗ್ಲೆಂಡಿಗಿಂತ ಜಾಸ್ತಿ ಇರಬೇಕು.

2023ರಲ್ಲಿ ಫೆಡರೇಷನ್ ಅಧ್ಯಕ್ಷರು ವಿಎಆರ್ ಅಂದರೆ ವಿಡಿಯೊ ನೋಡಿ ನೆರವಾಗುವ ರೆಫರಿ ವ್ಯವಸ್ಥೆ, ಅದರ ಕಮ್ಮಿ ಖರ್ಚಿನ ರೂಪವಾದ ‘ವಿಎಆರ್ ಲೈಟ್’ ಬಗ್ಗೆ ಮಾತಾಡಿದ್ದರು. ಅದು ಓದಿ ನನಗೆ ಖುಷಿಯಾಗಿತ್ತು. ಆಮೇಲೆ ಇನ್ನೂ ಸುಲಭದ ದಾರಿಯೊಂದು ಬಂದಿದೆ. ಫಿಫಾದವರು ಅದಕ್ಕೆ ಫುಟ್‌ಬಾಲ್ ವಿಡಿಯೊ ಸಪೋರ್ಟ್ ಅನ್ನುತ್ತಾರೆ. 2024ರಲ್ಲಿ ಕೊಲಂಬಿಯಾದ 20 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಬಳಸಿದರು. ಬೇರೆ ಕೋಣೆ ಬೇಡ, ಕೋಣೆಯಲ್ಲಿ ಕೂರುವ ರೆಫರಿಗಳು ಬೇಡ. ಪ್ರತಿ ತಂಡದ ಕೋಚ್‌ಗೆ ಪಂದ್ಯಕ್ಕೆ ಎರಡು ಸಲ ಕೇಳುವ ಅವಕಾಶ. ಕೇಳಿದ್ದು ಸರಿ ಅಂತಾದರೆ ಅವಕಾಶ ಕೈಯಲ್ಲೇ ಉಳಿಯುತ್ತದೆ. ರೆಫರಿ ಗೆರೆ ಪಕ್ಕದ ಪರದೆಗೆ ಹೋಗಿ ತಾನೇ ನೋಡುತ್ತಾರೆ. ಕ್ರಿಕೆಟ್‌ನ ಡಿಆರ್‌ಎಸ್ ಗೊತ್ತಿರುವ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಯೂ ಇಲ್ಲ. ಇದರಲ್ಲಿ ಕೂದಲೆಳೆ ಆಫ್‌ಸೈಡ್ ಸಿಕ್ಕುವುದಿಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಸಿಕ್ಕುವುದು ಬೇಡವೇ ಬೇಡ. ಎರಡು ಗಜ ಆಫ್‌ಸೈಡ್ ಇದ್ದದ್ದು, ಚೆಂಡು ಗೆರೆ ದಾಟಿ ಹೊರಗೆ ಹೋದದ್ದು, ಕೈಗೆ ತಾಗಿದ್ದು, ಇವು ಸಿಕ್ಕರೆ ಸಾಕು.

ಚೆಂಡು ಹೊರಗೆ ಹೋದದ್ದು ಅಂದೆ. 2024ರ ಜೂನ್ 11ರ ದೋಹಾ ಯಾರಿಗೆ ಮರೆಯುತ್ತದೆ? ಸುನಿಲ್ ಛೆಟ್ರಿ ದೇಶದ ತಂಡದಿಂದ ನಿವೃತ್ತಿಯಾಗಿ ಐದೇ ದಿನ. ಚಾಂಗ್ಟೆ ಗೋಲಿನಿಂದ ಭಾರತ ಕತಾರ್ ಮೇಲೆ 1–0 ಮುಂದಿತ್ತು. 73ನೇ ನಿಮಿಷದಲ್ಲಿ ಚೆಂಡು ಗೋಲ್ ಲೈನ್ ದಾಟಿ ಹೊರಗೆ ಹೋಗಿತ್ತು, ಕತಾರ್‌ನವರು ಅದನ್ನೇ ಒಳಗೆ ಎಳೆದು ಗೋಲು ಹೊಡೆದರು. ರೆಫರಿ ಗೋಲು ಕೊಟ್ಟರು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. 2–1ರಿಂದ ಸೋತು ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದೆವು. ನೀವೇ ದೂರು ಕೊಟ್ಟಿರಿ. ಒಂದು ಪರದೆ ಇದ್ದಿದ್ದರೆ ಹತ್ತು ಸೆಕೆಂಡಿನ ಕೆಲಸ. ಅವತ್ತು ನಿಮಗೆ ಆದ ಸಂಕಟ ಪ್ರತಿ ಸೀಸನ್‌ನಲ್ಲಿ ನಮ್ಮ ಕ್ಲಬ್‌ಗಳ ಹುಡುಗರಿಗೆ ಆಗುತ್ತಿರುತ್ತದೆ.

ಯಂತ್ರಕ್ಕಿಂತ ಮುಂಚೆ ಮಾತು ಸರಿಯಾಗಬೇಕು. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ಮೈದಾನದಲ್ಲಿ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲು ಹೊಡೆದಾಗ ಬಾವುಟ ಮೇಲೆ ಹೋಯಿತು. ವಿಡಿಯೊ ಕೋಣೆಯಲ್ಲಿ ನೋಡಿದರು, ಆಫ್‌ಸೈಡ್ ಅಲ್ಲವೇ ಅಲ್ಲ. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಅಂದುಕೊಂಡ ವಿಡಿಯೊ ರೆಫರಿ ‘ಚೆಕ್ ಕಂಪ್ಲೀಟ್’ ಅಂದುಬಿಟ್ಟರು. ಆಟ ಮತ್ತೆ ಶುರುವಾಯಿತು. ಪರದೆ ನಡೆಸುವವರು ತಪ್ಪು ತೋರಿಸುವ ಹೊತ್ತಿಗೆ ಹಿಂದೆ ಹೋಗಲು ನಿಯಮದಲ್ಲಿ ಜಾಗ ಇರಲಿಲ್ಲ. ಲಿವರ್‌ಪೂಲ್ 2–1ರಿಂದ ಸೋತಿತು. ಅಲ್ಲಿನ ರೆಫರಿಗಳ ಸಂಸ್ಥೆ ಅವತ್ತೇ ತಪ್ಪು ಒಪ್ಪಿಕೊಂಡು, ಕೆಲವೇ ದಿನಕ್ಕೆ ಆಡಿಯೊ ಹೊರಗೆ ಬಿಟ್ಟಿತು. ಎಲ್ಲರೂ ಇಂಗ್ಲಿಷ್ ಮಾತಾಡುವ ಕೋಣೆಯಲ್ಲಿ ಹೀಗಾಯಿತು. ನಮ್ಮಲ್ಲಿ ರೆಫರಿ ಒಂದು ರಾಜ್ಯದವರು, ಲೈನ್ಸ್‌ಮನ್ ಇನ್ನೊಂದು ರಾಜ್ಯದವರು, ನಾಲ್ಕನೇ ರೆಫರಿ ಮತ್ತೊಂದು ರಾಜ್ಯದವರು. ‘ಮೈದಾನದ ತೀರ್ಪು ಆಫ್‌ಸೈಡ್, ವಿಡಿಯೊ ತೀರ್ಪು ಗೋಲು, ಬದಲಿಸಿ’ ಅನ್ನುವಂಥ ಒಂದೇ ಅಚ್ಚಿನ ವಾಕ್ಯ ಇರಲಿ. ಅದನ್ನು ಬಾಯಿಪಾಠ ಮಾಡಿಸಿ. ತಪ್ಪಾದ ದಿನ ಆಡಿಯೊ ಜನರ ಮುಂದೆ ಇಡಿ.

ಮೈದಾನದಲ್ಲಿ ಕೂತವರಿಗೂ ಹೇಳಿ, ದಯವಿಟ್ಟು. 2023ರ ಮಾರ್ಚ್ 3ರ ರಾತ್ರಿ ನಾನು ಕಂಠೀರವದ ಸ್ಟ್ಯಾಂಡ್‌ನಲ್ಲಿದ್ದೆ. ಕೇರಳ ಬ್ಲಾಸ್ಟರ್ಸ್ ವಿರುದ್ಧ ಪ್ಲೇ ಆಫ್. 96ನೇ ನಿಮಿಷ, ಬ್ಲಾಸ್ಟರ್ಸ್ ಆಟಗಾರರು ಇನ್ನೂ ಅಡ್ಡಗೋಡೆಯ ಹಾಗೆ ಸಾಲಾಗಿ ನಿಂತಿರಲಿಲ್ಲ, ಛೆಟ್ರಿ ಫ್ರೀ ಕಿಕ್ ಒದ್ದರು, ಚೆಂಡು ಒಳಗೆ. ಬ್ಲಾಸ್ಟರ್ಸ್ ಕೋಚ್ ತಂಡವನ್ನು ಒಳಗೆ ಕರೆದುಕೊಂಡು ಹೋದರು. ನಾನು ಬೆಂಗಳೂರಿನ ಅಭಿಮಾನಿ, ಕುಣಿಯಬೇಕಿತ್ತು. ಕುಣಿಯಲಾಗಲಿಲ್ಲ. ಏನು ನಡೀತಿದೆ ಅಂತ ನಮಗೆ ಯಾರೂ ಹೇಳಲಿಲ್ಲ. ಪಕ್ಕದಲ್ಲಿ ಹಳದಿ ಜರ್ಸಿ ಹಾಕಿದ್ದ ಅಪ್ಪ ಮಗ ಇದ್ದರು. ಮಗನಿಗೆ ಹತ್ತು ವರ್ಷ ಇರಬಹುದು. ಅವನು ಅಪ್ಪನನ್ನು ಕೇಳುತ್ತಲೇ ಇದ್ದ, ಅಪ್ಪ ಮೊಬೈಲ್ ತಡಕಾಡುತ್ತಲೇ ಇದ್ದರು. ಆಮೇಲೆ ಬ್ಲಾಸ್ಟರ್ಸ್‌ಗೆ ನೀವು 4 ಕೋಟಿ ರೂಪಾಯಿ ದಂಡ ಹಾಕಿದಿರಿ, ಕೋಚ್‌ಗೆ 10 ಪಂದ್ಯ ನಿಷೇಧ. ಅದು ಸರಿಯೇ ಇರಬಹುದು. ಆದರೆ ಅವತ್ತು ರೆಫರಿ ಕೈಯಲ್ಲಿ ಒಂದು ಮೈಕ್ ಇದ್ದು, ಎರಡು ಮಾತು ಹೇಳಿದ್ದರೆ? 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ಹಾಗೆ ಹೇಳಿದರು. 2025ರ ಜನವರಿಯಲ್ಲಿ ಇಂಗ್ಲೆಂಡಿನಲ್ಲೂ ಶುರುವಾಯಿತು, ಅಲ್ಲಿ ಹೇಳಿದ ಮೊದಲ ತೀರ್ಪೇ ಆಫ್‌ಸೈಡ್. ಮೈಕ್‌ಗೆ ಎಷ್ಟು ಖರ್ಚು?

ಇನ್ನು ಬಾವುಟ ತಡ ಮಾಡುವ ವಿಷಯ. ವಿಡಿಯೊ ಇರುವ ಕಡೆ ಅನುಮಾನ ಇದ್ದರೆ ಬಾವುಟ ತಡೆದು ಹಿಡಿ, ಆಟ ಮುಗಿಯಲಿ, ಆಮೇಲೆ ಎತ್ತು ಅಂತ ಹೇಳಿಕೊಡುತ್ತಾರೆ. ಅದನ್ನೇ ಟಿವಿಯಲ್ಲಿ ನೋಡಿ ನಮ್ಮ ಚಿಕ್ಕ ಲೀಗ್‌ಗಳಲ್ಲೂ ಹುಡುಗರು ಬಾವುಟ ತಡ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ವಿಡಿಯೊನೇ ಇಲ್ಲ! 2025ರ ಮೇ 11ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ತೈವೊ ಅವೊನಿಯಿ ಹಾಗೆ ಬಾವುಟ ಬರದೆ ಮುಂದುವರಿದ ಆಟದಲ್ಲಿ ಗೋಲ್ ಕಂಬಕ್ಕೆ ಬಡಿದರು. ಹೊಟ್ಟೆಯ ಶಸ್ತ್ರಚಿಕಿತ್ಸೆ ಆಯಿತು, ಔಷಧಿ ಕೊಟ್ಟು ಪ್ರಜ್ಞೆ ತಪ್ಪಿಸಿ ಇಡಬೇಕಾಯಿತು. ವಿಡಿಯೊ ಇಲ್ಲದ ಆಟದಲ್ಲಿ ಕಂಡ ತಕ್ಷಣ ಬಾವುಟ ಎತ್ತಬೇಕು, ಇರುವ ಆಟದಲ್ಲೂ ಎದ್ದು ಕಾಣುವ ಆಫ್‌ಸೈಡ್‌ಗೆ ತಡ ಬೇಡ ಅಂತ ಎಲ್ಲ ರಾಜ್ಯ ಸಂಸ್ಥೆಗಳಿಗೂ ಬರೆದು ಕಳಿಸಿ. ಇದಕ್ಕೆ ಬಜೆಟ್ ಬೇಕಿಲ್ಲ, ನಾಳೆಯೇ ಕಳಿಸಬಹುದು.

ಬಾವುಟ ಹಿಡಿದವರನ್ನು ನೀವು ನಂಬಿದರೆ ಅವರು ಚೆನ್ನಾಗಿ ಹಿಡಿಯುತ್ತಾರೆ. ಪ್ರತಿ ಸಣ್ಣ ಅಂತರಕ್ಕೂ ಯಂತ್ರ ತಮ್ಮ ಮಾತು ಅಳಿಸುತ್ತದೆ ಅಂತ ಗೊತ್ತಾದರೆ ಯಾರು ತಾನೇ ಬಿಸಿಲಿನಲ್ಲಿ ಆ ಗೆರೆ ಉದ್ದಕ್ಕೂ ಓಡಿ, ಸಾಲಿಗೆ ಸರಿಯಾಗಿ ನಿಲ್ಲಲು ಒದ್ದಾಡುತ್ತಾರೆ? ನಾನು ನಾಲ್ಕು ವರ್ಷದಲ್ಲಿ ಕಲಿತದ್ದು ಒಂದೇ ಕೆಲಸ, ಸಾಲಿನಲ್ಲಿ ನಿಲ್ಲುವುದು. ಕೇಳಲು ಚಿಕ್ಕದು. ಕಲಿಯಲು ನಾಲ್ಕು ವರ್ಷವೂ ಸಾಲಲಿಲ್ಲ.

ಆ 11ನೇ ನಂಬರಿನ ಹುಡುಗ ಈಗ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾನೆ. ಹೋದ ವರ್ಷ ಸಿಕ್ಕಿದ್ದ. ಆ ಗೋಲಿನ ಮಾತು ತೆಗೆದೆ. ಅವನು ನಕ್ಕು, “ನೀವು ಸಾಲಲ್ಲೇ ನಿಂತಿದ್ರಿ ಅಣ್ಣಾ, ನಾನು ತಿರುಗಿ ನೋಡಿದ್ದೆ” ಅಂದ. ಅವನ ಮಕ್ಕಳ ಟೂರ್ನಮೆಂಟ್‌ಗೆ ಬಾವುಟ ಹಿಡಿಯಲು ಬರುತ್ತೀರಾ ಅಂತ ಕೇಳಿದ. ಹೋಗುತ್ತಿದ್ದೇನೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಬೆಂಗಳೂರಿನ ಒಬ್ಬ ಲೈನ್ಸ್‌ಮನ್